ಕತ್ತರಿ ನನ್ನ ಡ್ರಾಯರಿನಲ್ಲಿತ್ತು

1988ನೇ ಇಸವಿ, ಫೆಬ್ರವರಿ ತಿಂಗಳ ಎರಡನೆಯ ಬುಧವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮುಂಬಯಿಯ ಪರೇಲಿನ ಒಂದು ಧರ್ಮಾರ್ಥ ಆಸ್ಪತ್ರೆ, ಎರಡನೆಯ ಮಹಡಿ, ಕಂಪ್ಯೂಟರ್ ಕೋಣೆ. ಹಾಜರಿದ್ದವರು ಇಬ್ಬರು: ರೋಗಿಗಳ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುವ ಆಪರೇಟರ್ ಮತ್ತು ಅವಳ ಮೇಲಧಿಕಾರಿಯಾದ ನಾನು. ಧೂಳು ಒಳಗೆ ಬರಬಾರದೆಂದು ಬೂಟು, ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ ನಾನೇ ಮಾಡಿದ್ದು. ಹಾಗಾಗಿ ಅವಳ ಮೇಲಿನ ವಿಚಾರಣೆಯನ್ನು ನಾನು ಕಾಲುಚೀಲದಲ್ಲಿ ನಿಂತು ಆರಂಭಿಸಿದೆ.

ಅಂದು ಸಂಜೆ ನಾಲ್ಕಕ್ಕೆ ಅವಳ ಫೈಲು ಟ್ರಸ್ಟಿನ ಸಮಿತಿಗೆ ಹೋಗುವುದಿತ್ತು. ಆರು ತಿಂಗಳ ಪ್ರೊಬೇಷನ್ ಮುಗಿದಿತ್ತು. ಅವಳನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ವರದಿ ಬರೆದುಕೊಂಡಿದ್ದೆ. ಕಾಗದದ ಮೇಲೆ ಇಳಿಸುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿದಂತಿರಲಿ ಎಂದು ಬೊರಿವಲಿಯಿಂದ ಎಂದಿಗಿಂತ ಒಂದು ಲೋಕಲ್ ರೈಲು ಮೊದಲೇ ಹಿಡಿದು ಬಂದಿದ್ದೆ.

ಅವಳಿಗೆ ಇಪ್ಪತ್ತಮೂರು ವರ್ಷ. ವಿಜಾಪುರದ ಕಡೆಯವಳು. ತಂದೆ ಗೌಂಡಿ, ಕಟ್ಟಡಗಳಿಗೆ ಇಟ್ಟಿಗೆ ಕಟ್ಟುತ್ತ ಮುಂಬಯಿಗೆ ಬಂದವರು, ಬೈಕುಲ್ಲಾದ ಒಂದು ಚಾಳಿನಲ್ಲಿ ನೆಲೆಸಿದವರು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಆ ಮನೆಯಲ್ಲಿ ಮೇಜಿನ ಮುಂದೆ ಕುಳಿತು ಸಂಬಳ ತರುವ ಮೊದಲ ವ್ಯಕ್ತಿ ಅವಳೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅದಕ್ಕೂ ವರದಿಗೂ ಸಂಬಂಧವಿಲ್ಲ ಎಂಬ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅವಳ ಮೇಲಿದ್ದ ಆರೋಪ ಹೇಳುತ್ತೇನೆ. ನಮ್ಮದು ಕ್ಷಯರೋಗ ವಿಭಾಗ. ರೋಗಿ ತಿಂಗಳುಗಟ್ಟಲೆ ತಪ್ಪದೆ ಬಂದು ಔಷಧಿ ಒಯ್ಯಬೇಕು. ನಡುವೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಹಟಮಾರಿಯಾಗಿ ತಿರುಗಿ ಬರುತ್ತದೆ. ಆದ್ದರಿಂದ ಯಾರು ಗೊತ್ತಾದ ದಿನ ಬರಲಿಲ್ಲವೋ ಅವರ ಹೆಸರು, ವಿಳಾಸವನ್ನು ಕಂಪ್ಯೂಟರ್ ಚೀಟಿಯ ಮೇಲೆ ಮುದ್ರಿಸುತ್ತಿತ್ತು. ಆ ಚೀಟಿಯನ್ನು ಪೋಸ್ಟ್ ಕಾರ್ಡಿಗೆ ಅಂಟಿಸಿ ಕಳಿಸುತ್ತಿದ್ದೆವು. ‘ನೀವು ಬರಲಿಲ್ಲ, ದಯವಿಟ್ಟು ಬನ್ನಿ’ ಎಂದಷ್ಟೇ ಕಾರ್ಡಿನಲ್ಲಿ ಇರುತ್ತಿತ್ತು. ಡಿಸೆಂಬರಿನಿಂದ ಈ ಕಾರ್ಡುಗಳು ಹಿಂದಿರುಗತೊಡಗಿದವು. ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಪೋಸ್ಟ್‌ಮನ್ ಗೀಚಿದ ನಲವತ್ತಮೂರು ಕಾರ್ಡುಗಳು ರಬ್ಬರ್ ಬ್ಯಾಂಡು ಹಾಕಿಕೊಂಡು ನನ್ನ ಕಪಾಟಿನಲ್ಲಿ ಕುಳಿತಿದ್ದವು. ನಲವತ್ತಮೂರು ಜನ ಔಷಧಿ ಬಿಟ್ಟು ಎಲ್ಲೋ ಇದ್ದರು. ನಮ್ಮ ಕಾರ್ಡು ಬೇರೆ ಯಾರದೋ ಬಾಗಿಲು ಬಡಿದು ವಾಪಸು ಬಂದಿತ್ತು.

ವಿಳಾಸ ತಪ್ಪಿದೆ ಎಂದರೆ ಟೈಪು ಹೊಡೆದವಳು ತಪ್ಪಾಗಿ ಹೊಡೆದಿದ್ದಾಳೆ. ನಾನು ಹಾಗೆ ತೀರ್ಮಾನಿಸಿದೆ. ಪ್ರೋಗ್ರಾಮ್ ನಾನೇ ಬರೆದದ್ದು, ಅದರ ಮೇಲೆ ಸಂಶಯ ಬರಲಿಲ್ಲ. ಹದಿನೈದು ದಿನ ಮೊದಲು ಒಂದು ಮೆಮೊ ಬರೆದು, ಕ್ಯಾಂಟೀನಿನ ಪಕ್ಕದ ನೋಟಿಸ್ ಬೋರ್ಡಿಗೆ ನಾನೇ ನಾಲ್ಕು ಪಿನ್ನು ಒತ್ತಿದ್ದೆ. ಅದರಲ್ಲಿ ಅವಳ ಹೆಸರು ಮೂರು ಕಡೆ ಇತ್ತು. ಕೈಗೆ ಕೊಡಬಹುದಾಗಿದ್ದ ಮೆಮೊವನ್ನು ಬೋರ್ಡಿಗೆ ಏಕೆ ಹಚ್ಚಿದೆ ಎಂದು ಯಾರೂ ಕೇಳಲಿಲ್ಲ. ನಾನು ಮೊದಲು ಕೆಲಸ ಮಾಡಿದ್ದ ಬಟ್ಟೆ ಗಿರಣಿಯ ಅಂಕಿಅಂಶ ವಿಭಾಗದಲ್ಲಿ ಹಾಗೆ ಪದ್ಧತಿಯಿತ್ತು, ನಾನು ಅದನ್ನು ಮುಂದುವರಿಸಿದೆ, ಅಷ್ಟೆ.

ಎಂಟೂ ಕಾಲಿಗೆ ಎಂದಿನಂತೆ ಡ್ರಾಯರಿನ ಬೀಗ ತೆಗೆದು ಕತ್ತರಿ ಕೈಗೆತ್ತಿಕೊಂಡೆ. ಕೆಳಗಿನ ನೋಂದಣಿ ಕೌಂಟರಿನಿಂದ ಹಿಂದಿನ ದಿನದ ಗುಲಾಬಿ ಬಣ್ಣದ ಫಾರ್ಮುಗಳು ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತಿದ್ದವು. ಮೂಲೆಯಲ್ಲಿ ತೂತು ಮಾಡಿ, ಬಿಳಿ ನೂಲು ಪೋಣಿಸಿ ಗಂಟು ಹಾಕಿರುತ್ತಿದ್ದರು. ನಾನು ನೂಲು ಕತ್ತರಿಸಿ, ಎಲ್ಲ ಫಾರ್ಮುಗಳನ್ನೂ ಒಂದು ಮಾಡಿ, ಅಡ್ಡಹೆಸರಿನ ಮೊದಲ ಅಕ್ಷರದ ಪ್ರಕಾರ ಜೋಡಿಸಿ ಅವಳ ಎಡಗೈ ಪಕ್ಕ ಇಡುತ್ತಿದ್ದೆ. ಇದು ದೀಪಾವಳಿಯ ನಂತರ ನಾನು ತಂದ ಸುಧಾರಣೆ. ಅದಕ್ಕೆ ಮೊದಲು ಕಂಪ್ಯೂಟರಿಗೆ ಏರಿಸಿದ ಮೇಲೆ ಫಾರ್ಮುಗಳನ್ನು ಅಕ್ಷರದ ಡಬ್ಬಗಳಿಗೆ ಹಾಕಲು ಮತ್ತೊಮ್ಮೆ ವಿಂಗಡಿಸಬೇಕಾಗುತ್ತಿತ್ತು. ಒಂದು ಕಾಗದವನ್ನು ಎರಡು ಸಲ ಕೈಯಲ್ಲಿ ಹಿಡಿಯಬಾರದು ಎಂದು ಗಿರಣಿಯಲ್ಲಿ ನನ್ನ ಮೇಲಿದ್ದವರು ಕಲಿಸಿದ್ದರು. ದಿನಕ್ಕೆ ನಲವತ್ತು ನಿಮಿಷ ಉಳಿಸಿದ್ದೇನೆಂದು ತಿಂಗಳ ವರದಿಯಲ್ಲಿ ಬರೆದುಕೊಂಡಿದ್ದೆ.

“ಇವತ್ತು ನಾನು ನಿನ್ನ ಹಿಂದೆ ನಿಂತಿರ್ತೀನಮ್ಮ,” ಎಂದೆ. “ಎಂದಿನ ಸ್ಪೀಡಿನಲ್ಲೇ ಹೊಡಿ. ಪ್ರತಿ ತಪ್ಪಿಗೂ ಇಲ್ಲಿ ಒಂದು ಗುರುತು ಹಾಕ್ತೀನಿ.”

“ಸರ್ರ, ಮೊದ್ಲ ಒಂದ ಮಾತ ಹೇಳ್ಲೇನ್ರಿ? ಆ ಗೀಟಿನ ಫಾರ್ಮ...”

“ಮಾತು ಆಮೇಲೆ. ಟೈಮು ಎಂಟೂ ಇಪ್ಪತ್ತೆರಡು. ಶುರು ಮಾಡು.”

ಅವಳು ಶುರು ಮಾಡಿದಳು. ಹಸಿರು ಅಕ್ಷರಗಳು ಪರದೆಯ ಮೇಲೆ ಮೂಡತೊಡಗಿದವು. ನಾನು ಅಡಿಕೋಲನ್ನು ಫಾರ್ಮಿನ ಮೇಲೆ ಸಾಲಿನಿಂದ ಸಾಲಿಗೆ ಸರಿಸುತ್ತ ಪರದೆಯೊಂದಿಗೆ ತಾಳೆ ನೋಡಿದೆ. ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಕಫ ಪರೀಕ್ಷೆಯ ಫಲಿತಾಂಶ, ಕೊಟ್ಟ ಔಷಧಿ. ಅರವತ್ತೆರಡು ಫಾರ್ಮುಗಳು. ಹತ್ತೂ ಇಪ್ಪತ್ತಕ್ಕೆ ಮುಗಿಯಿತು. ನನ್ನ ಹಾಳೆಯಲ್ಲಿ ಒಂದೇ ಒಂದು ಗುರುತೂ ಬಿದ್ದಿರಲಿಲ್ಲ.

ಒಬ್ಬ ಸರಿಯಾದ ಮನುಷ್ಯನಿಗೆ ಆ ಕ್ಷಣದಲ್ಲಿ ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇಷ್ಟು ಚೆನ್ನಾಗಿ ಮಾಡಬಲ್ಲವಳು ಬೇಕೆಂದೇ ಉಳಿದ ದಿನ ಅಸಡ್ಡೆ ಮಾಡುತ್ತಾಳೆ ಎಂದುಕೊಂಡೆ. ‘ಮೇಲ್ವಿಚಾರಕರು ಬೆನ್ನ ಹಿಂದೆ ಇದ್ದಾಗ ಮಾತ್ರ ಶ್ರದ್ಧೆ ತೋರುತ್ತಾರೆ’ ಎಂಬ ವಾಕ್ಯ ಬರೆದೆ. ಅದು ವರದಿಯ ಮೊದಲ ವಾಕ್ಯ. ಅಕ್ಷರ ದುಂಡಗೆ ಬಂದಿತ್ತು.

ಆದರೂ ಸೂಪರಿಂಟೆಂಡೆಂಟ್ ಡಾಕ್ಟರು, “ಪ್ರೋಗ್ರಾಮನ್ನೂ ಒಂದು ಸಲ ನೋಡಿಬಿಡಿ,” ಎಂದು ಹೇಳಿದ್ದರು. ಹೇಳಿದ್ದನ್ನು ಮಾಡದೆ ಬಿಡುವುದು ನನ್ನ ಜಾಯಮಾನವಲ್ಲ. ಹತ್ತೂವರೆಗೆ ಅವಳನ್ನು ಎಬ್ಬಿಸಿ ನಾನು ಕುಳಿತೆ. ಖಾಲಿ ಫ್ಲಾಪಿ ಹಾಕಿ, ಸುಳ್ಳು ಹೆಸರಿನ ಐದು ರೋಗಿಗಳನ್ನು ಸೃಷ್ಟಿಸಿ ಏರಿಸಿದೆ. ಉದ್ದ ವಿಳಾಸ, ಗಿಡ್ಡ ವಿಳಾಸ, ನಡುವೆ ಅಲ್ಪವಿರಾಮ ಇರುವ ವಿಳಾಸ. ಎಲ್ಲವೂ ಹೇಗೆ ಹೋದವೋ ಹಾಗೇ ಹೊರಬಂದವು. ಕೊನೆಗೆ ಗೀಟಿನ ಫಾರ್ಮಿನ ಪರೀಕ್ಷೆ ಉಳಿಯಿತು.

ಈ ಗೀಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿಗೆ ಬರುವವರು ಹೆಚ್ಚಿನಂಶ ಗಿರಣಿ ಕೆಲಸದವರು, ಹಮಾಲರು, ಕಟ್ಟಡದವರು. ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಸರದಿಯ ಮೇಲೆ ಮಲಗುವವರು. ಒಬ್ಬನಿಗೆ ಕೆಮ್ಮು ಬಂದರೆ ರಜೆಯ ದಿನ ಖೋಲಿಗೆ ಖೋಲಿಯೇ ತಪಾಸಣೆಗೆ ಬರುತ್ತಿತ್ತು. ಕೌಂಟರಿನ ಗುಮಾಸ್ತರು ಮೊದಲನೆಯವನ ಫಾರ್ಮಿನಲ್ಲಿ ವಿಳಾಸ ಪೂರ್ತಿ ಬರೆದು, ಉಳಿದವರ ಫಾರ್ಮಿನಲ್ಲಿ ವಿಳಾಸದ ಜಾಗಕ್ಕೆ ಒಂದು ನೇರ ಗೀಟು ಎಳೆಯುತ್ತಿದ್ದರು. ಮೇಲಿನವನದೇ ಇವನದೂ ಎಂದರ್ಥ. ಇದು ನನಗೆ ಸರಿಯಾಗಿಯೇ ಕಂಡಿತ್ತು. ಗಿರಣಿಯಲ್ಲಿ ಕಾರ್ಡು ತೂತು ಹೊಡೆಯುವ ಯಂತ್ರಗಳಿದ್ದವು. ಅವುಗಳಲ್ಲೂ ಹಿಂದಿನ ಕಾರ್ಡಿನ ವಿವರವನ್ನು ಮುಂದಿನದಕ್ಕೆ ನಕಲು ಮಾಡುವ ಕೀಲಿ ಇತ್ತು. ಆ ಅಭ್ಯಾಸದ ಮೇಲೆಯೇ ನಾನು ಪ್ರೋಗ್ರಾಮಿನ 340ನೇ ಸಾಲು ಬರೆದಿದ್ದೆ: ವಿಳಾಸ ಖಾಲಿ ಬಂದರೆ ಹಿಂದಿನ ವಿಳಾಸವನ್ನೇ ಉಳಿಸಿಕೋ. ಆಪರೇಟರಿಗೆ ಹೇಳಿದ್ದೂ ಅಷ್ಟೇ: ಗೀಟು ಕಂಡರೆ ಏನೂ ಹೊಡೆಯಬೇಡ, ಎಂಟರ್ ಒತ್ತು.

ಪರೀಕ್ಷಿಸಿದೆ. ಖಾಲಿ ಬಿಟ್ಟೆ, ಹಿಂದಿನ ವಿಳಾಸ ಬಂತು. ಬರಬೇಕಾದದ್ದೇ ಬಂತು. ಹನ್ನೆರಡೂಕಾಲಿಗೆ ‘ಪ್ರೋಗ್ರಾಮಿನಲ್ಲಿ ದೋಷವಿಲ್ಲ’ ಎಂಬ ಎರಡನೆಯ ವಾಕ್ಯ ಬರೆದೆ.

ಹನ್ನೆರಡೂವರೆಗೆ ಊಟ. ಒಳಗೆ ತಿನ್ನಬಾರದೆಂಬ ನನ್ನ ನಿಯಮದಿಂದಾಗಿ ಅವಳು ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ನಾನು ವರಾಂಡದ ಬೆಂಚಿನಲ್ಲಿ ಮೊಸರನ್ನದ ಡಬ್ಬಿ ಮುಗಿಸಿ, ಕೈ ತೊಳೆದು ಬಂದೆ. ವರದಿಗೆ ಲಗತ್ತಿಸಲು ಹಿಂದಿರುಗಿದ ಕಾರ್ಡುಗಳನ್ನು ಹೊರತೆಗೆದೆ. ಅವು ಬಂದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಜೋಡಿಸದೆ ಕಳಿಸುವುದು ನನ್ನಿಂದಾಗದು. ಪ್ರತಿ ಚೀಟಿಯ ಮೂಲೆಯಲ್ಲಿ ಆ ರೋಗಿಯ ಫಾರ್ಮು ಕಂಪ್ಯೂಟರಿಗೆ ಏರಿದ ದಿನಾಂಕ ಮುದ್ರಣವಾಗಿರುತ್ತಿತ್ತು. ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟು, ದಿನಾಂಕದ ಪ್ರಕಾರ ಕಾರ್ಡುಗಳನ್ನು ಸಾಲಾಗಿ ಹರಡಿದೆ. ಸೋಮವಾರದವು ಒಂಬತ್ತು. ಮಂಗಳವಾರದವು ಹನ್ನೊಂದು. ಬುಧ, ಗುರು, ಶುಕ್ರ ಎಲ್ಲ ದಿನವೂ ಇದ್ದವು. ಶನಿವಾರದ ಕೆಳಗೆ ಒಂದೂ ಇರಲಿಲ್ಲ.

ಮತ್ತೆ ಎಣಿಸಿದೆ. ಇರಲಿಲ್ಲ.

ಶನಿವಾರ ನಾನು ಪರೇಲಿಗೆ ಬರುತ್ತಿರಲಿಲ್ಲ. ಬೈಕುಲ್ಲಾದಲ್ಲಿ ನಮ್ಮ ಟ್ರಸ್ಟಿನ ಒಂದು ಸಣ್ಣ ದವಾಖಾನೆಯಿತ್ತು, ಅಲ್ಲಿಯ ದಾಖಲೆ ನೋಡಲು ಹೋಗುತ್ತಿದ್ದೆ. ಆ ದಿನ ಅವಳು ಈ ಕೋಣೆಯಲ್ಲಿ ಒಬ್ಬಳೇ. ನನ್ನ ವರದಿಯ ಮೊದಲ ವಾಕ್ಯದ ಪ್ರಕಾರ ಶನಿವಾರವೇ ಅತಿ ಹೆಚ್ಚು ತಪ್ಪುಗಳಿರಬೇಕು. ನಾನು ಇರುವ ದಿನ ತಪ್ಪಾಗುತ್ತಿತ್ತು, ಇಲ್ಲದ ದಿನ ಆಗುತ್ತಿರಲಿಲ್ಲ. ಕಾರ್ಡುಗಳು ಅಷ್ಟನ್ನೇ ಹೇಳುತ್ತಿದ್ದವು.

ಅವಳನ್ನು ಕರೆದೆ. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

“ಶನಿವಾರ ನೀನು ಬೇರೆ ಥರ ಏನಾದರೂ ಮಾಡ್ತೀಯೇನಮ್ಮ?”

ಅವಳ ಮುಖ ಸಣ್ಣಗಾಯಿತು. ಮತ್ತೊಂದು ಆರೋಪ ಬಂತೆಂದುಕೊಂಡಿರಬೇಕು. “ನೀವ ಸಿಟ್ಟಾಗಬಾರ್ದ ನೋಡ್ರಿ ಸರ್ರ. ಶನಿವಾರ ಫಾರ್ಮ ಎ, ಬಿ, ಸಿ ಜೋಡ್ಸೂದಿಲ್ರಿ ನಾ. ಕಟ್ಟ ಹೆಂಗ ಬಂದಾವು ಹಂಗ ಹೊಡೀತೀನಿ.”

“ಯಾಕೆ? ರೂಲ್ ಗೊತ್ತಿಲ್ವೆ?”

“ಗೊತ್ತೈತ್ರಿ. ಕತ್ತರಿ ನಿಮ್ಮ ಡ್ರಾಯರ್‌ನಾಗ ಇರ್ತೈತಿ, ಕೀಲಿ ನಿಮ್ಮ ಕಿಸೇದಾಗ ಬೈಕುಲ್ಲಾಕ್ಕ ಹೋಗಿರ್ತೈತಿ. ನೂಲ ಹಲ್ಲಿಂದ ಕಡೀಲೇನ್ರಿ ಮತ್ತ? ಕಟ್ಟಿದ್ದನ್ನ ಹಾಳಿ ತಿರಿವಿ ಹೊಡದು ಹಂಗ ಇಡ್ತೀನ್ರಿ. ಸೋಮವಾರ ಬಂದ ನೀವ ಕಡೀತೀರಲ್ಲ.”

ಕತ್ತರಿ ಮೇಜಿನ ಮೇಲೇ ಇತ್ತು. ಬೂಟು ಹಾಕಿಕೊಂಡು ಕೆಳಗಿಳಿದೆ.

ಕೌಂಟರಿನ ಗುಮಾಸ್ತರು ನನ್ನ ವಯಸ್ಸಿನ ಮರಾಠಿ ಮನುಷ್ಯ. ಊಟದ ಬಿಡುವಿನಲ್ಲಿ ನೂಲಿನ ಉಂಡೆ ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಫಾರ್ಮುಗಳನ್ನು ಕಟ್ಟುತ್ತಿದ್ದರು. ನಾನು ಇನ್ನೂ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಹುಮ್ಮಸ್ಸಿನಲ್ಲೇ ಇದ್ದೆ. ನಮ್ಮಿಬ್ಬರ ಮಾತು ಯಾವಾಗಲೂ ಹಿಂದಿಯಲ್ಲಿ. ನೀವು ಹೀಗೆ ಗೀಟು ಎಳೆದರೆ ಮೇಲಿನವರಿಗೆ ಯಾವನು ಯಾವ ಖೋಲಿಯವನೆಂದು ಹೇಗೆ ತಿಳಿಯಬೇಕು ಎಂದು ಗದರಿದೆ.

ಅವರು ಕನ್ನಡಕದ ಮೇಲಿಂದ ನೋಡಿದರು. ಒಂದು ಕಟ್ಟನ್ನು ಎತ್ತಿ ಹಿಡಿದು ಅಲ್ಲಾಡಿಸಿದರು. “ಸಾಹೇಬ್, ಏಕ್ ಖೋಲಿ, ಏಕ್ ದೋರಾ. ಏಕ್ ಖೋಲಿ, ಏಕ್ ದೋರಾ. ಬೀಸ್ ಸಾಲ್ ಸೆ.” ಒಂದು ಖೋಲಿಗೆ ಒಂದು ನೂಲು, ಇಪ್ಪತ್ತು ವರ್ಷದಿಂದ. ಆಮೇಲೆ ತಮ್ಮ ಭಾಷೆಗೆ ಹೊರಳಿ ಮೆಲ್ಲಗೆ ಕೇಳಿದರು: “ದೋರಾ ಮೀ ಬಾಂಧತೊ. ಕಾಪತೊ ಕೋಣ?”

ನೂಲು ಕಟ್ಟುವವನು ನಾನು. ಕತ್ತರಿಸುವವರು ಯಾರು?

ಅವರೇ ಉತ್ತರವನ್ನೂ ಹೇಳಿದರು. “ತುಮ್ಹೀಚ, ಸಾಹೇಬ್.” ನೀವೇ. ಹೇಳಿ ಮತ್ತೊಂದು ಗಂಟು ಹಾಕಿದರು.

ಮೇಲೆ ಬಂದು ಬೆಳಿಗ್ಗೆಯ ಅರವತ್ತೆರಡು ರೋಗಿಗಳ ಪಟ್ಟಿಯನ್ನು ಮುದ್ರಿಸಿದೆ. ಅಡಿಕೋಲು ಇಡುವ ಅಗತ್ಯವಿರಲಿಲ್ಲ. ದಾದರಿನ ಒಂದು ಫ್ಲಾಟಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿಯ ವಿಳಾಸ. ಅದರ ಕೆಳಗೆ ಅದೇ ಫ್ಲಾಟಿನಲ್ಲಿ, ಬೈಕುಲ್ಲಾ ತರಕಾರಿ ಮಾರುಕಟ್ಟೆಯ ಹಮಾಲ. ಅವನ ಅಡ್ಡಹೆಸರೂ ಅದೇ ಅಕ್ಷರದಿಂದ ಆರಂಭವಾಗುತ್ತಿತ್ತು, ಅಷ್ಟೇ ಅವರಿಬ್ಬರ ಸಂಬಂಧ. ಎಂಟು ಗಂಟೆಗೆ ಇವನ ಫಾರ್ಮು ಇವನ ಖೋಲಿಯವರ ಜೊತೆ ನೂಲಿನಲ್ಲಿತ್ತು. ಎಂಟೂ ಕಾಲಿಗೆ ನಾನು ಬಿಡಿಸಿ, ಶಿಕ್ಷಕಿಯ ಹಿಂದೆ ಇಟ್ಟೆ. ಅವಳು ನಾನು ಹೇಳಿದಂತೆ ಗೀಟಿಗೆ ಎಂಟರ್ ಒತ್ತಿದಳು. ಪ್ರೋಗ್ರಾಮ್ ನಾನು ಹೇಳಿದಂತೆ ಹಿಂದಿನ ವಿಳಾಸ ಉಳಿಸಿತು. ನಾನು ಫಾರ್ಮಿನ ಗೀಟು ನೋಡಿ, ಪರದೆಯ ವಿಳಾಸ ನೋಡಿ, ಸರಿ ಎಂದೆ. ಆ ಪಟ್ಟಿಯೊಂದರಲ್ಲೇ ಅಂಥವು ಏಳು ಇದ್ದವು. ನನ್ನ ಬೆರಳಿನ ಕೆಳಗೇ ಹಾದುಹೋಗಿದ್ದವು.

ಮೂರು ತಿಂಗಳಲ್ಲಿ ನಾನು ಒಂದು ಸಲವೂ ಹಿಂದಿರುಗಿದ ಕಾರ್ಡನ್ನು ಅದರ ಫಾರ್ಮಿನ ಪಕ್ಕ ಇಟ್ಟು ನೋಡಿರಲಿಲ್ಲ. ಡಬ್ಬ ಕೈಯಳತೆಯಲ್ಲಿತ್ತು. ಕಾಗದವನ್ನು ಎರಡನೆಯ ಸಲ ಮುಟ್ಟಬಾರದಲ್ಲ.

ಅವಳು ಬಾಗಿಲ ಬಳಿ ನಿಂತಿದ್ದಳು. ಬೆಳಿಗ್ಗೆ ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ.

“ಅದನ್ನ ರಿ. ಗೀಟಿನ ಫಾರ್ಮ ಬ್ಯಾರೆ ಯಾರದೋ ಕೆಳಗ ಬರ್ತಾವು ಅಂತ. ಮೊದ್ಲೂ ಎರಡ ಸಲ ಹೇಳಿದ್ನೆಲ್ರಿ ಸರ್ರ. ‘ನೀನು ಹೊಡಿ, ಯೋಚನೆ ಮಾಡೋದು ಪ್ರೋಗ್ರಾಮಿನ ಕೆಲಸ’ ಅಂದ್ರಿ.”

ನಾನು ಅಂದದ್ದು ಹೌದು. ಅದೇ ಶಬ್ದಗಳಲ್ಲಿ.

ಮೂರು ಗಂಟೆಗೆ ಐದು ನಿಮಿಷ. ಮೊದಲ ವರದಿಯನ್ನು ಹರಿದು, ಸೂಪರಿಂಟೆಂಡೆಂಟ್ ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಮಂಗಳೂರಿನ ಕಡೆಯವರು, ಯಾವುದಕ್ಕೂ ಗಾಬರಿಯಾಗುವವರಲ್ಲ. ಎಲ್ಲ ಕೇಳಿ ಕುರ್ಚಿಗೆ ಒರಗಿದರು.

“ಇದಕ್ಕೆ ಎಂತ ಇಷ್ಟು ತಲೆಬಿಸಿ ಮಾರಾಯ್ರೆ? ಮೆಷಿನ್ನಿನ ತೊಂದರೆ ಅಂತ ಬರೆಯಿರಿ. ಆ ಹುಡುಗಿಯ ಕೆಲಸ ಉಳೀತದೆ, ನಿಮ್ಮ ಮರ್ಯಾದೆಯೂ ಉಳೀತದೆ. ಮೆಷಿನ್ನಿಗೆ ಎಂತ, ಅದಕ್ಕೆ ಹೆಂಡತಿ ಮಕ್ಕಳು ಉಂಟಾ ನಾಚಿಕೆ ಆಗ್ಲಿಕ್ಕೆ?”

ಇಲ್ಲಿ ನಾನು ಏನು ಮಾಡಿದೆನೆಂಬುದನ್ನು ಬಿಟ್ಟುಬಿಡಬಹುದಿತ್ತು. ಬಿಡುವುದಿಲ್ಲ. ಅವರ ಮಾತು ನನಗೆ ಹಾಯೆನಿಸಿತು. ಮೂರೂ ಇಪ್ಪತ್ತಕ್ಕೆ ಕಂಪ್ಯೂಟರ್ ಕೋಣೆಗೆ ಬಂದು ಹೊಸ ವರದಿ ಬರೆದೆ. ‘ಯಂತ್ರದಲ್ಲಿನ ತಾಂತ್ರಿಕ ದೋಷದಿಂದ ಕೆಲವು ವಿಳಾಸಗಳು ಅದಲುಬದಲಾಗಿದ್ದು ಪರಿಶೀಲನೆಯಲ್ಲಿ ಕಂಡುಬಂದಿದೆ. ಆಪರೇಟರನ್ನು ಕಾಯಂಗೊಳಿಸಲು ಅಡ್ಡಿಯಿಲ್ಲ.’ ನಾನು ಬರೆದ ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. ಪ್ರೊಬೇಷನ್ನಿನ ವರದಿಯನ್ನು ಸಂಬಂಧಪಟ್ಟವರು ಓದಿ ಸಹಿ ಮಾಡಬೇಕೆಂಬ ಪದ್ಧತಿ. ಹಾಳೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟೆ.

ಅವಳು ನಿಧಾನವಾಗಿ ಓದಿದಳು. ಮತ್ತೊಮ್ಮೆ ಓದಿದಳು. ಸಹಿ ಮಾಡಲಿಲ್ಲ.

“ಯಾಕಮ್ಮ? ನಿನ್ನ ಕೆಲಸ ಕಾಯಂ ಆಯ್ತಲ್ಲ.”

“ಆತ್ರಿ. ಆದ್ರ ಇದರಾಗ ನಿಮ್ಮ ಹೆಸರ ಎಲ್ಲೈತ್ರಿ?”

ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿ ನೋಡಿದೆ.

“ಬೋರ್ಡ್‌ನಾಗಿನ ಮೆಮೊದಾಗ ನನ್ನ ಹೆಸರ ಮೂರ ಕಡೆ ಐತ್ರಿ ಸರ್ರ. ಕ್ಯಾಂಟೀನ್ ಚಾದಾವನೂ ಓದ್ಯಾನ. ‘ಕ್ಯಾ ಮ್ಯಾಡಮ್, ಆಜ್ ಕಿಸ್ಕಾ ಘರ್ ಬದಲಾ?’ ಇವತ್ತ ಯಾರ ಮನಿ ಬದಲಾತು ಅಂತ ದಿನಾ ನಗ್ತಾನ. ಈಗ ಮಶೀನ್ ಕೆಟ್ಟಿತ್ತು ಅಂತ ಬರದ್ರ ಮಂದಿ ಏನ ಅಂತಾರ್ರಿ? ತಪ್ಪ ಆಕೀನ ಮಾಡ್ಯಾಳ, ಸಾಹೇಬ್ರು ಪಾಪ ಅಂತ ಮಶೀನ್ ಮ್ಯಾಲ ಹಾಕಿ ಉಳಿಸ್ಯಾರ ಅಂತಾರ. ನೀವ ದೊಡ್ಡವ್ರಾಗ್ತೀರಿ, ನಾ ಹಂಗ ಉಳೀತೀನಿ.”

ಅವಳ ದನಿ ಏರಲಿಲ್ಲ. ಪೆನ್ನನ್ನು ಮುಚ್ಚಳ ಹಾಕಿ, ಹಾಳೆಯ ಪಕ್ಕ ಸಮನಾಗಿ ಇಟ್ಟಳು. ನಾನು ಇಡುವ ಹಾಗೆಯೇ. ಆರು ತಿಂಗಳಲ್ಲಿ ನನ್ನಿಂದ ಕಲಿತದ್ದಿರಬೇಕು.

ಗಡಿಯಾರದಲ್ಲಿ ಮೂರೂ ಮೂವತ್ತೆಂಟು. ಟೈಪು ಮಾಡಿಸಲು ಸಮಯವಿರಲಿಲ್ಲ. ಕೈಯಲ್ಲೇ ಬರೆದೆ. ನಾನು ನವೆಂಬರಿನಲ್ಲಿ ಫಾರ್ಮುಗಳ ಕ್ರಮ ಬದಲಿಸಿದೆ. ಕೌಂಟರಿನವರು ಕಟ್ಟಿದ ನೂಲನ್ನು ಅದರ ಅರ್ಥ ವಿಚಾರಿಸದೆ ಪ್ರತಿದಿನ ನಾನು ಕತ್ತರಿಸಿದೆ. ಹಳೆಯ ಕ್ರಮವನ್ನು ನಂಬಿ ಬರೆದಿದ್ದ ಪ್ರೋಗ್ರಾಮಿನ ಸಾಲನ್ನು ನಾನು ಬದಲಿಸಲಿಲ್ಲ. ಆಪರೇಟರ್ ಎರಡು ಸಲ ಎಚ್ಚರಿಸಿದರು, ನಾನು ಕೇಳಲಿಲ್ಲ. ನಲವತ್ತಮೂರು ಕಾರ್ಡುಗಳ ತಪ್ಪಿಗೆ ನಾನು ಹೊಣೆ. ಅವರ ಮೇಲಿನ ಮೆಮೊವನ್ನು ಹಿಂದಕ್ಕೆ ಪಡೆಯುತ್ತೇನೆ. ‘ನಾನು’ ಎಂದು ಬರೆಯುವಾಗಲೆಲ್ಲ ಪೆನ್ನು ಹಿಂಜರಿಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಬರೆದ ವರದಿಗಳಲ್ಲಿ ಆ ಶಬ್ದ ಒಳ್ಳೆಯ ಸುದ್ದಿಯ ಜೊತೆಗೆ ಮಾತ್ರ ಬರುತ್ತಿತ್ತು.

ಅವಳು ಓದಿ ಸಹಿ ಮಾಡಿದಳು. ಮೂರೂ ಐವತ್ತೆರಡಕ್ಕೆ ಹಾಳೆ ಡಾಕ್ಟರ ಮೇಜಿನ ಮೇಲಿತ್ತು.

“ನಿಮಗೆ ರಿಟೈರ್ ಆಗ್ಲಿಕ್ಕೆ ಇನ್ನು ನಾಲ್ಕೇ ವರ್ಷ ಮಾರಾಯ್ರೆ,” ಎಂದರು ಅವರು ಓದಿ. “ಇದು ನಿಮ್ಮ ಫೈಲಿಗೂ ಹೋಗ್ತದೆ. ಗೊತ್ತುಂಟಲ್ಲ?”

“ಗೊತ್ತಿದೆ ಡಾಕ್ಟರ್.”

ಅವರು ಸಹಿ ಹಾಕಿ ಫೈಲಿನೊಳಗಿಟ್ಟರು. ಜವಾನ ಒಯ್ದ.

ನಾಲ್ಕರಿಂದ ಕೆಲಸ ಶುರುವಾಯಿತು. ಮೊದಲು 340ನೇ ಸಾಲು ಅಳಿಸಿ ಹೊಸದು ಬರೆದೆ: ವಿಳಾಸ ಖಾಲಿ ಬಂದರೆ ಮುಂದೆ ಹೋಗಬೇಡ, ಕೇಳು. ಆರು ಸಲ ಪರೀಕ್ಷಿಸಿದೆ. ಈ ಸಲ ಎಂಟರ್ ಒತ್ತಿದವಳು ಅವಳು, ಹಿಂದೆ ನಿಂತು ನೋಡಿದವನು ನಾನು. ಇನ್ನು ಫಾರ್ಮುಗಳು ನೂಲಿನ ಸಮೇತ ಏರಬೇಕು, ಗೀಟು ಕಂಡಲ್ಲಿ ಕಟ್ಟಿನ ಮೇಲಿನವನ ವಿಳಾಸವನ್ನು ಪೂರ್ತಿ ಹೊಡೆಯಬೇಕು ಎಂದು ಗೊತ್ತುಮಾಡಿದೆವು. ವಿಂಗಡಣೆ ಆಮೇಲೆ. ನಲವತ್ತು ನಿಮಿಷ ಹೋದರೆ ಹೋಗಲಿ.

ನಂತರ ಆ ನಲವತ್ತಮೂರು ಜನ. ಕೌಂಟರ್ ಮುಚ್ಚಿ ಗುಮಾಸ್ತರೂ ಮೇಲೆ ಬಂದರು. ಫಾರ್ಮುಗಳ ಬಲ ಮೂಲೆಯಲ್ಲಿ ಕೌಂಟರಿನ ಸರದಿ ಸಂಖ್ಯೆಯ ಮೊಹರು ಇತ್ತು. ಡಬ್ಬಗಳನ್ನು ನೆಲದ ಮೇಲೆ ಸುರಿದು, ಸಂಖ್ಯೆ ಹಿಡಿದು, ಕತ್ತರಿಸಿದ ಕಟ್ಟುಗಳನ್ನು ಮತ್ತೆ ಕೂಡಿಸುತ್ತ ಹೋದೆವು. ನೂಲು ಪೋಣಿಸಿದ್ದ ತೂತು ಪ್ರತಿ ಹಾಳೆಯಲ್ಲೂ ಹಾಗೇ ಇತ್ತು. ಅವಳು ಸಂಖ್ಯೆ ಓದಿದಳು, ಗುಮಾಸ್ತರು ಹುಡುಕಿ ಕೊಟ್ಟರು, ನಾನು ಹೊಸ ಕಾರ್ಡುಗಳ ಮೇಲೆ ಕೈಬರಹದಲ್ಲಿ ವಿಳಾಸ ಬರೆದೆ. ಆ ಬೆಳಗಿನ ಏಳು ಜನರನ್ನೂ ಪಟ್ಟಿಯಲ್ಲಿ ತಿದ್ದಿದೆವು. ಹಿಂದಿರುಗದೆ ಬೇರೆಯವರ ಮನೆಯಲ್ಲೇ ಉಳಿದುಹೋದ ಕಾರ್ಡುಗಳೂ ಇರಬಹುದು ಎಂದು ಗುಮಾಸ್ತರು ಹೇಳಿದಾಗ, ಮರುದಿನದಿಂದ ನವೆಂಬರಿನ ಈಚಿನ ಪ್ರತಿಯೊಂದು ಗೀಟನ್ನೂ ನೋಡುವುದೆಂದು ಬರೆದಿಟ್ಟುಕೊಂಡೆ.

ನಲವತ್ತೊಂದು ಕಾರ್ಡು ಆಯಿತು. ಎರಡು ಫಾರ್ಮು ಉಳಿದವು. ಜನವರಿಯಲ್ಲಿ ನಾಲ್ಕು ದಿನ ಮೊಹರಿನ ಯಂತ್ರ ಕೆಟ್ಟಿತ್ತು, ಆ ದಿನಗಳ ಫಾರ್ಮುಗಳಿಗೆ ಸಂಖ್ಯೆಯಿರಲಿಲ್ಲ. ಒಬ್ಬ ಮಗ್ಗದವನು, ಮೂವತ್ತೊಂದು ವರ್ಷ. ಒಬ್ಬ ಬಿಗಾರಿ ಕೂಲಿ, ಹತ್ತೊಂಬತ್ತು. ಗುಮಾಸ್ತರು ಹೆಸರುಗಳನ್ನು ಬಾಯಲ್ಲಿ ಹೇಳಿಕೊಂಡರು, ಕಣ್ಣು ಮುಚ್ಚಿ ನೆನಪಿಸಿಕೊಂಡರು, ತಲೆಯಾಡಿಸಿದರು. ಅವರಿಬ್ಬರು ಯಾರ ಜೊತೆ ಬಂದಿದ್ದರೆಂದು ಹೇಳುತ್ತಿದ್ದದ್ದು ಆ ನೂಲೊಂದೇ. ಅದನ್ನು ನಾನು ಕಸದ ಬುಟ್ಟಿಗೆ ಹಾಕಿದ್ದೆ. ಅವರಿಬ್ಬರೂ ಮುಂದೆ ಔಷಧಿಗೆ ಬಂದದ್ದು ನಮ್ಮ ದಾಖಲೆಯಲ್ಲಿ ಇಲ್ಲ.

ಐದೂ ಐವತ್ತಕ್ಕೆ ಗೇಟಿನ ಎದುರಿನ ಪೆಟ್ಟಿಗೆಗೆ ಕಾರ್ಡುಗಳನ್ನು ಹಾಕಿ ಬಂದೆ. ಆರರ ಡಾಕ್ ತೆಗೆಯುವವನು ಚೀಲ ಹಿಡಿದು ಬರುವುದನ್ನು ನಿಂತು ನೋಡಿದೆ. ಹಿಂದಿರುಗಿದಾಗ ಅವಳು ಹೆಗಲಿಗೆ ಚೀಲ ಹಾಕಿಕೊಂಡು ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು. ನನ್ನ ಹೊಸ ವರದಿಯ ಕಾರ್ಬನ್ ಪ್ರತಿ ನನ್ನ ಕೈಯಲ್ಲಿತ್ತು. ಹಳೆಯ ಮೆಮೊದ ಪಿನ್ನಿಗೆ ಉಗುರು ಹಾಕಿದೆ.

“ಅದನ್ನ ತಗೀಬ್ಯಾಡ್ರಿ ಸರ್ರ,” ಎಂದಳು. “ಬಾಜೂಕ ಹಚ್ರಿ. ಅದನ್ನ ಓದಿದವ್ರ ಇದನ್ನೂ ಓದ್ಲಿ.”

ಕ್ಯಾಂಟೀನಿನವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ಇಬ್ಬರು ನರ್ಸುಗಳು ಚಹಾ ಹಿಡಿದು ಹತ್ತಿರ ಬಂದರು. ನಾನು ಹಾಳೆಯನ್ನು ಹಳೆಯ ಮೆಮೊದ ಪಕ್ಕ, ಅದರ ಎತ್ತರಕ್ಕೆ ಸಮನಾಗಿ ಹಿಡಿದು, ಒಂದೊಂದೇ ಮೂಲೆಗೆ ಪಿನ್ನು ಒತ್ತಿದೆ. ನರ್ಸುಗಳಲ್ಲಿ ಒಬ್ಬರು ಜೋರಾಗಿ ಓದತೊಡಗಿದರು. ಅವರು ಎರಡನೆಯ ಸಾಲು ಮುಗಿಸುವಾಗ ನಾಲ್ಕನೆಯ ಪಿನ್ನು ಒತ್ತಿ ಮುಗಿಸಿದ್ದೆ. ಆರು ಗಂಟೆ ಇಪ್ಪತ್ತು ನಿಮಿಷವಾಗಿತ್ತು.